ಹಳೆ ರೈಫಲ್‌ಗೆ ಹೊಸ ಹೊಳಪು ಯಾಕ್ರೀ?

ಈಗಷ್ಟೇ ಶೂಟಿಂಗ್ ರೇಂಜ್‌ನಿಂದ ಬಂದೆ. ಹೊಟ್ಟೆ ಉರಿಯುತ್ತಿದೆ. ಬರೆದು ಹೊರಗೆ ಹಾಕದಿದ್ದರೆ ರಾತ್ರಿ ನಿದ್ದೆ ಬರಲ್ಲ, ಉದ್ದ ಆದರೆ ಸಹಿಸಿಕೊಳ್ಳಿ.

ಪಕ್ಕದ ಬೆಂಚಿನವರು ಚೀಲದಿಂದ ಅಮೆರಿಕದ ಮಾರ್ಲಿನ್ ಕಂಪನಿಯ ಒಂದು 39ಎ ಹೊರಗೆ ತೆಗೆದರು. ಎರಡನೇ ಮಹಾಯುದ್ಧದ ಕಾಲದ್ದು, ಲಿವರ್ ಎಳೆದು ಹೊಡೆಯುವ .22 ರೈಫಲ್. ನನಗೆ ಈ ರೈಫಲ್ ಅಂದರೆ ಎಷ್ಟು ಜೀವ ಅಂತ ನಿಮಗೆ ಗೊತ್ತೇ ಇದೆ. ಎದ್ದು ಹೋಗಿ ನೋಡಿದೆ. ದೂರದಿಂದಲೇ ಮಿರಮಿರ ಮಿಂಚುತ್ತಿತ್ತು, ಆಗಲೇ ಅನುಮಾನ ಬಂದಿತ್ತು. ರಿಸೀವರ್, ಅಂದರೆ ಒಳಗಿನ ಯಂತ್ರಭಾಗ ಕೂರುವ ಉಕ್ಕಿನ ಚೌಕಟ್ಟು, ಅದರ ಚೂಪು ಅಂಚುಗಳೆಲ್ಲ ಸವೆದು ದುಂಡಗಾಗಿವೆ. ನಳಿಗೆಯ ಮೇಲೆ ಕೊರೆದ ಅಕ್ಷರಗಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಓದಬಹುದು. ತಿರುಪುಗಳ ತಲೆಯ ಸೀಳು ಕಿತ್ತುಹೋಗಿ ಎರಡೂ ಕಡೆ ಲೋಹ ಎದ್ದುನಿಂತಿದೆ. ಯಾರೋ ಅಳತೆ ಕೂಡದ ಸ್ಕ್ರೂಡ್ರೈವರ್ ಹಾಕಿ ಬಲವಂತವಾಗಿ ತಿರುಗಿಸಿದ್ದಾರೆ. ಮೇಲೆಲ್ಲ ಒಂದೇ ಸಮ ಕಪ್ಪು ಬಣ್ಣ. "ನಮ್ಮ ತಾತನದು, ಪೂರ್ತಿ ರೆಸ್ಟೋರ್ ಮಾಡಿಸಿದೆ, ಹೊಸದರ ಹಾಗೇ ಇದೆ ಅಲ್ವಾ?" ಅಂತ ಸಂತೋಷದಿಂದ ಕೇಳಿದರು. ಅವರ ಮುಖ ನೋಡಿ ನಾನು ಏನೂ ಹೇಳಲಿಲ್ಲ. ಇಲ್ಲಿ ಹೇಳ್ತೀನಿ.

39ಎ ಬಂದದ್ದು 1939ರಲ್ಲಿ. 1945ರವರೆಗಿನ ರೈಫಲ್‌ಗಳ ರಿಸೀವರ್ ಬರೀ ಕಪ್ಪಲ್ಲ. ನೀಲಿ, ಕಂದು, ಒಣಹುಲ್ಲಿನ ಬಣ್ಣ, ಎಲ್ಲ ಒಂದರೊಳಗೊಂದು ಹರಿದು ಸೇರಿಕೊಂಡಿರುತ್ತವೆ. ಅದು ಬಳಿದ ಬಣ್ಣ ಅಲ್ಲ. ಉಕ್ಕಿನ ಮೇಲ್ಪದರವನ್ನು ಕಾಯಿಸಿ ಗಟ್ಟಿ ಮಾಡುವಾಗ ತಾನಾಗೇ ಮೂಡುವ ಬಣ್ಣ. ಬಿಸಿಲು, ಬೆವರು, ಕೈ ತಾಕಿ ತಾಕಿ ವರ್ಷಗಟ್ಟಲೆ ನಿಧಾನವಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಆದರೂ ಲಿವರ್‌ನ ಸಂದಿಯಲ್ಲಿ, ಹ್ಯಾಮರ್‌ನ ಹಿಂದೆ ಒಂದಿಷ್ಟು ನೀಲಿ ಉಳಿದೇ ಇರುತ್ತದೆ. ಪಾಲಿಶ್ ಚಕ್ರಕ್ಕೆ ಒಂದು ಸಲ ಕೊಟ್ಟರೆ ಮುಗೀತು. ಹೋದದ್ದು ವಾಪಸ್ ಬರಲ್ಲ.

ಇದು ಬರೀ ಚೆಂದದ ಮಾತಲ್ಲ. ಮೈಮೇಲೆ ಕೊರೆದ ಅಕ್ಷರಗಳಿಗೆ ಕೆಲಸ ಇದೆ. 39ಎಗಿಂತ ಮುಂಚೆ ಬರೀ 39 ಅಂತ ಒಂದು ಮಾದರಿ ಇತ್ತು, 1920ರ ದಶಕದ್ದು. ಆಗಿನ .22 ಕಾಡತೂಸು ಮೆತ್ತಗಿತ್ತು. 1930ರ ಸುಮಾರಿಗೆ ಹೈ-ವೆಲಾಸಿಟಿ, ಅಂದರೆ ಹೆಚ್ಚು ವೇಗದ ಕಾಡತೂಸು ಬಂದ ಮೇಲೆ ಕಾಡತೂಸನ್ನು ಹಿಂದಿನಿಂದ ಒತ್ತಿ ಹಿಡಿಯುವ ಹಳೆಯ ಬೋಲ್ಟ್‌ಗಳು ಬಿರುಕು ಬಿಡತೊಡಗಿದವು, ಕಂಪನಿ ಬೋಲ್ಟನ್ನು ಗಟ್ಟಿ ಮಾಡಿ ಸೀರಿಯಲ್ ನಂಬರಿನ ಮುಂದೆ ಎಚ್‌ಎಸ್ ಅಂತ ಹಾಕಿತು. ಆ ಎರಡು ಅಕ್ಷರ ಇಲ್ಲದ 39 ನಿಮ್ಮ ಕೈಗೆ ಬಂದರೆ ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದರೆ ಕಡಿಮೆ ವೇಗದ ಮೆತ್ತನೆ ಕಾಡತೂಸು ಮಾತ್ರ ಹಾಕಬೇಕು. ಈಗ ಹೇಳಿ, ಅಲ್ಲಿಗೂ ಉಜ್ಜುವ ಚಕ್ರ ಹಿಡಿದರೆ ಮುಂದೆ ಕೊಳ್ಳುವವನು ಏನನ್ನು ಓದಿ ತಿಳಿದುಕೊಳ್ಳಬೇಕು? 1973ರಿಂದ 2000ದ ದಶಕದವರೆಗಿನ ಮಾರ್ಲಿನ್ ಆದರೆ ಇನ್ನೂ ಸುಲಭ, ನಂಬರಿನ ಮೊದಲ ಎರಡು ಅಂಕಿಯನ್ನು ನೂರರಲ್ಲಿ ಕಳೆದರೆ ತಯಾರಾದ ವರ್ಷ ಸಿಗುತ್ತದೆ. 27 ಇದ್ದರೆ 1973. ಮೈಮೇಲೇ ತನ್ನ ಜಾತಕ ಬರೆದುಕೊಂಡಿರುವ ವಸ್ತು ಇದು.

ಮಾರುವವರೂ ಇದಕ್ಕೆ ಗೊಬ್ಬರ ಹಾಕ್ತಾರೆ. ಹಳೆ ರೈಫಲ್ ಕೊಳ್ಳೋಕೆ ಹೋಗಿ ನೋಡಿ, ಮೊದಲ ಮಾತೇ "ಫಿನಿಶ್ ನೋಡಿ ಸಾರ್". ಫಿನಿಶ್ ನೋಡಿ ಏನು ಮಾಡಲಿ? ನನಗೆ ಬೇಕಾದ್ದು ಒಳಗಡೆ. ಇದು ರಿಮ್‌ಫೈರ್, ಅಂದರೆ ಸಿಡಿಯುವ ಮದ್ದು ಕಾಡತೂಸಿನ ತಳದ ಅಂಚಿನೊಳಗೇ ಇರುತ್ತದೆ, ಫೈರಿಂಗ್ ಪಿನ್ ಆ ಅಂಚನ್ನೇ ಜಜ್ಜಬೇಕು. ಕಾಡತೂಸು ಇಲ್ಲದೆ ಸುಮ್ನೆ ಟ್ರಿಗರ್ ಎಳೆದಾಡಿದರೆ ಪಿನ್ ಹೋಗಿ ಕಾಡತೂಸು ಕೂರುವ ಜಾಗದ, ಅಂದರೆ ಚೇಂಬರಿನ, ಬಾಯಿಗೆ ಹೊಡೆಯಬಹುದು, ಅಲ್ಲಿ ಸಣ್ಣ ಕಚ್ಚು ಬೀಳುತ್ತದೆ, ಆಮೇಲೆ ಖಾಲಿ ಕೊಳವೆ ಸಲೀಸಾಗಿ ಹೊರಗೆ ಬರಲ್ಲ. ಅದನ್ನು ನೋಡಬೇಕು. ಚಿಕ್ಕ .22 ಶಾರ್ಟ್ ಕಾಡತೂಸನ್ನೇ ಜಾಸ್ತಿ ಹೊಡೆದ ರೈಫಲ್ ಆದರೆ ಚೇಂಬರಿನೊಳಗೆ ಉಂಗುರದ ಹಾಗೆ ಸವೆದಿರಬಹುದು, ಉದ್ದದ ಲಾಂಗ್ ರೈಫಲ್ ಕಾಡತೂಸು ಅಲ್ಲಿ ಅಂಟಿಕೊಳ್ಳುತ್ತದೆ. ಅದನ್ನೂ ನೋಡಬೇಕು. 39ಎ ಬಲಗಡೆ ಒಂದು ದೊಡ್ಡ ಕೈತಿರುಪು ಇದೆ. ಮೊದಲು ರೈಫಲ್ ಖಾಲಿ ಇದೆಯಾ ನೋಡಿ, ಕಾಡತೂಸು ತುಂಬುವ ಟ್ಯೂಬ್‌ನಿಂದ ಬಂದು, ಅದನ್ನು ಮೇಲೆತ್ತುವ ಕ್ಯಾರಿಯರ್‌ನಲ್ಲಿ ಕೂತ ಕಾಡತೂಸನ್ನೂ ಮರೆಯಬೇಡಿ. ಆಮೇಲೆ ತಿರುಪು ಬಿಚ್ಚಿದರೆ ರೈಫಲ್ ಎರಡು ಭಾಗವಾಗುತ್ತದೆ, ಬೋಲ್ಟ್ ಹೊರಗೆ ಬರುತ್ತದೆ, ನಳಿಗೆಯನ್ನು ಹಿಂದಿನಿಂದ ನೇರ ನೋಡಬಹುದು. ಇಷ್ಟು ಸಲೀಸು ಮಾಡಿಕೊಟ್ಟಿದ್ದಾರೆ! ಆದರೂ ಹತ್ತು ಜನ ಕೊಳ್ಳುವವರಲ್ಲಿ ಒಬ್ಬರೂ ಬಿಚ್ಚಿ ನೋಡಲ್ಲ, ಹೊರಗಿನ ಹೊಳಪು ನೋಡಿ, ಇಲ್ಲಿ ಅಮೆರಿಕದಲ್ಲಿ ಅಂಗಡಿಯಿಂದ ಬಂದೂಕು ಕೊಳ್ಳುವಾಗ ತುಂಬುವ ಸರ್ಕಾರಿ ಫಾರ್ಮ್ 4473ಕ್ಕೆ ಸಹಿ ಹಾಕ್ತಾರೆ. ಕೊಳ್ಳುವವರು ಹೊಳಪು ಕೇಳೋತನಕ ಮಾರುವವರು ಉಜ್ಜುತ್ತಲೇ ಇರ್ತಾರೆ.

"ತುಕ್ಕು ಹಿಡಿದರೆ ಏನು ಮಾಡೋದು, ಹಾಗೇ ಕೊಳೆಯೋಕೆ ಬಿಡಬೇಕಾ?" ಅಂತ ಕೇಳ್ತೀರಿ. ಗೊತ್ತು, ಪ್ರತಿ ಸಲ ಯಾರಾದರೂ ಕೇಳ್ತಾರೆ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ತೀರಾ ನಯವಾದ ಸ್ಟೀಲ್ ವೂಲ್, ನಾಲ್ಕು ಸೊನ್ನೆ ನಂಬರಿನದು, ಅದನ್ನೂ ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಒರೆಸಿ. ಮೇಲಿನ ತುಕ್ಕು ಹೋಗುತ್ತದೆ, ಕೆಳಗಿನ ಹಳೆ ಬಣ್ಣ ಬಹುಪಾಲು ಉಳಿಯುತ್ತದೆ. ತುಕ್ಕು ತಿಂದು ಗುಂಡಿ ಬಿದ್ದು ಹಾಳಾದ ರೈಫಲ್ ಆದರೆ ಹೊಸ ಬಣ್ಣ ಹಾಕಿಸಿ, ನನ್ನ ತಕರಾರಿಲ್ಲ. ಆದರೆ ಇವತ್ತು ನಾನು ನೋಡಿದ ರೈಫಲ್‌ಗೆ ಅಂಥ ರೋಗ ಇರಲಿಲ್ಲ. ಉಜ್ಜಿಸೋ ಮುಂಚಿನ ಫೋಟೋನೂ ಅವರೇ ತೋರಿಸಿದರು. ಎಷ್ಟು ಚೆನ್ನಾಗಿತ್ತು ಗೊತ್ತಾ! ಲಿವರ್ ಹಿಡಿಯುವ ಜಾಗದಲ್ಲಿ ಬಣ್ಣ ಪೂರ್ತಿ ಸವೆದು ಬೆಳ್ಳಿಯ ಹಾಗಾಗಿತ್ತು. ಮೂರು ಬೆರಳು ಎಲ್ಲಿ ಕೂರುತ್ತಿದ್ದವು ಅಂತ ನೋಡಿದರೆ ಹೇಳಬಹುದಿತ್ತು. ಆ ತಾತನ ಬೆರಳು ರೀ ಅದು.

ನಿಜ ಹೇಳ್ತೀನಿ, ನನಗೆ ಇಷ್ಟು ಸಂಕಟ ಆಗೋದಕ್ಕೆ ಇನ್ನೊಂದು ಕಾರಣ ಇದೆ. ಈ ದೇಶಕ್ಕೆ ನಾನು ಸೂಟ್‌ಕೇಸ್ ಹಿಡಿದು ಬಂದವನು. ಇಲ್ಲಿ ನಮ್ಮ ತಾತ ಮುಟ್ಟಿದ ವಸ್ತು ಅಂತ ನನಗೆ ಒಂದೂ ಇಲ್ಲ. ನನ್ನ 39ಎ ಕೂಡ ಯಾರದೋ ಮನೆಯದು, ಯಾರೋ ಸವೆಸಿದ್ದು. ಅದರ ಸ್ಟಾಕ್‌ನಲ್ಲಿ ಕೆನ್ನೆ ತಾಗುವ ಕಡೆ ವಾಲ್‌ನಟ್ ಮರ ಕಪ್ಪಾಗಿದೆ. ಅಲ್ಲೇ ನನ್ನ ಕೆನ್ನೆಯೂ ಕೂರುತ್ತದೆ. ಆ ಗುರುತು ದುಡ್ಡು ಕೊಟ್ಟರೂ ಸಿಗದು, ಹುಟ್ಟುತ್ತಲೇ ಪಡೆದವರು ದುಡ್ಡು ಕೊಟ್ಟು ಅಳಿಸ್ತಾರೆ ಅಂದರೆ ನಾನು ಹೇಗೆ ಸುಮ್ಮನಿರಲಿ?

ಹೊಡೆಯೋಕೆ ಕುಳಿತರೆ ಹೊಳಪಿಂದ ಏನೂ ಸಿಗಲ್ಲ. ಐವತ್ತು ಗಜಕ್ಕೆ ಗುರಿ ಕೂರಿಸಿಕೊಂಡು, ನಲವತ್ತು ಗ್ರೇನ್ ತೂಕದ ಗುಂಡಿನ ಸ್ಟ್ಯಾಂಡರ್ಡ್ ವೆಲಾಸಿಟಿ ಕಾಡತೂಸು ತುಂಬಿ. ಟ್ಯೂಬ್‌ನಲ್ಲಿ ಲಾಂಗ್ ರೈಫಲ್ ಹತ್ತೊಂಬತ್ತು ಹಿಡಿಯುತ್ತದೆ. ಲಿವರ್ ಇಳಿಸಿದಾಗ ಒಳಗೆ ಉಕ್ಕಿನ ಮೇಲೆ ಉಕ್ಕು ಜಾರುವುದು ಕೈಗೆ ಗೊತ್ತಾಗುತ್ತದೆ, ಖಾಲಿ ಕೊಳವೆ ಬಲಗಡೆ ಹಾರುತ್ತದೆ, ಮೇಲೆ ಎತ್ತಿದರೆ ಹ್ಯಾಮರ್ ಏರಿ ಕೂತಿರುತ್ತದೆ. ಭುಜಕ್ಕೆ ಒದೆತ ಇಲ್ಲವೇ ಇಲ್ಲ. 1891ರಲ್ಲಿ ಮಾರ್ಲಿನ್ ಮೊದಲ ಸಲ .22 ಲಿವರ್ ರೈಫಲ್ ಮಾಡಿದಾಗಿನ ಲೆಕ್ಕಾಚಾರವೇ ಇದರಲ್ಲೂ ಮುಂದುವರಿದಿದೆ, ಅಮೆರಿಕದ ಹೆಸರಾಂತ ಗುರಿಗಾರ್ತಿ ಆನಿ ಓಕ್ಲಿ ಪ್ರದರ್ಶನಗಳಲ್ಲಿ ಆ ಕಾಲದ ಮಾರ್ಲಿನ್ .22ಗಳನ್ನೂ ಹೊಡೆದಿದ್ದರು. ಚಕ್ರದಲ್ಲಿ ಅತಿಯಾಗಿ ಉಜ್ಜಿದ ರೈಫಲ್‌ನಲ್ಲಿ ಭಾಗಗಳ ನಡುವಿನ ಸಂದು ಎದ್ದು ಕಾಣುತ್ತದೆ. ಇವತ್ತು ಅವರ ಕೈಯಲ್ಲೇ ಲಿವರ್ ಎಳೆದು ನೋಡಿದೆ, ಕಟಕಟ ಅನ್ನುತ್ತಿತ್ತು. ತಿರುಪುಗಳೇ ಸರಿಯಾಗಿ ಕೂತಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಪರಿಚಯದವರ ಮನೆಯಲ್ಲಿ ಇಂಥ ಹಳೆ ಲಿವರ್ ರೈಫಲ್ ಇದ್ದರೆ, ಕಂದುಗಟ್ಟಿದ್ದರೂ ಸರಿ, ಸ್ಟಾಕ್ ಗೀರು ಬಿದ್ದಿದ್ದರೂ ಸರಿ, ದಯವಿಟ್ಟು ಪಾಲಿಶ್ ಮಾಡೋರ ಹತ್ತಿರ ಹೋಗೋಕೆ ಬಿಡಬೇಡಿ. ಮೊದಲು ನನಗೆ ಒಂದು ಮೆಸೇಜ್ ಹಾಕಿ. ಬಂದು ಬಿಚ್ಚಿ, ನಳಿಗೆ ತೊಳೆದು, ಎಣ್ಣೆ ಹಚ್ಚಿ ಕೊಟ್ಟು ಬರ್ತೀನಿ. ಸ್ಕ್ರೂಡ್ರೈವರ್ ನಾನೇ ತರ್ತೀನಿ, ಸೀಳಿನ ಅಳತೆಗೆ ಸರಿಯಾಗಿ ಕೂರುವಂಥದ್ದು.