ಗೇಟಿನ ಬೋರ್ಡಿನ ಮೇಲಿನ ಸೊನ್ನೆ

ಮಾಲೂರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆ ಗೇಟುಗಳಲ್ಲಿ ‘ಅಪಘಾತವಿಲ್ಲದ ದಿನಗಳು’ ಅಂತ ಬೋರ್ಡು ಹಾಕ್ತಾರೆ. ಮಾರ್ಚ್ 4ರ ಸುರಕ್ಷತಾ ದಿನಕ್ಕೆ ಅದರ ಮುಂದೆ ನಿಂತು ಫೋಟೋ ಬೇರೆ. ಆದರೆ 50 ಜನರ ಶೆಡ್ಡಿನ ನೂರು ದಿನವೂ 2000 ಜನರ ಅಸೆಂಬ್ಲಿ ಲೈನಿನ ನೂರು ದಿನವೂ ಒಂದೇ ಆಗೋದು ಹೇಗೆ?

ಅದಕ್ಕೇ ಲೆಕ್ಕ ಗಂಟೆಯಲ್ಲಿ ಹಾಕೋದು. ನಮ್ಮ ಭಾರತೀಯ ಮಾನಕ ಐಎಸ್ 3786 ಪ್ರಕಾರ, ಗಾಯದ ದರ ತೆಗೆಯೋಕೆ ಕೆಲಸ ತಪ್ಪಿಸಿದ ಗಾಯಗಳ ಸಂಖ್ಯೆಯನ್ನು 10 ಲಕ್ಷದಿಂದ ಗುಣಿಸಿ, ಎಲ್ಲರೂ ದುಡಿದ ಒಟ್ಟು ಗಂಟೆಯಿಂದ ಭಾಗಿಸಬೇಕು. 200 ಜನ, 300 ದಿನ, 8 ಗಂಟೆ ಅಂದರೆ 4,80,000 ಗಂಟೆ. ವರ್ಷಕ್ಕೆ 2 ಗಾಯವಾದರೆ ದರ 4.17. ಅಮೆರಿಕದವರು 10 ಲಕ್ಷದ ಬದಲು 2 ಲಕ್ಷದಿಂದ ಗುಣಿಸ್ತಾರೆ, ಅಲ್ಲಿ ಇದೇ 0.83. ಹೊರದೇಶದ ಗಿರಾಕಿಯ ಫಾರಂ ತುಂಬುವಾಗ ಇದನ್ನು ಗಮನಿಸದೆ ‘ನಾವು ಐದು ಪಟ್ಟು ಮೇಲು’ ಅಂತ ಬೀಗಬೇಡಿ.

ಗಂಟೆ ಅಂದರೆ ನಿಜವಾಗಿ ದುಡಿದ ಗಂಟೆ. ಓಟಿ ಸೇರುತ್ತೆ, ರಜೆ ಸೇರಲ್ಲ. ದೊಡ್ಡ ಮೋಸ ಕಾಂಟ್ರಾಕ್ಟ್ ಲೇಬರ್ ವಿಷಯದಲ್ಲಿ. ಮೇಲಿನ ಕಾರ್ಖಾನೆಯಲ್ಲೇ ಇನ್ನೂ 80 ಕಾಂಟ್ರಾಕ್ಟ್ ಹುಡುಗರಿದ್ದು, ಅವರಲ್ಲಿ 3 ಜನಕ್ಕೆ ಪೆಟ್ಟಾಗಿದ್ದರೆ ನಿಜವಾದ ದರ 7.44. ಲೋಡಿಂಗು, ಗ್ರೈಂಡಿಂಗು, ಸ್ಕ್ರ್ಯಾಪ್ ಎತ್ತೋದು ಎಲ್ಲಾ ಅವರ ಪಾಲಿಗೇ ಬರೋದರಿಂದ ಅವರನ್ನು ಬಿಟ್ಟ ಲೆಕ್ಕಕ್ಕೆ ಅರ್ಥವೇ ಇಲ್ಲ.

ಇನ್ನೊಂದು ಆಟ ವ್ಯಾಖ್ಯೆಯದ್ದು. ಗಾಯಗೊಂಡವರು ಆ ಶಿಫ್ಟು ಮುಗಿದ ಮೇಲೂ ಕೆಲಸಕ್ಕೆ ಬರಲಾಗದಿದ್ದರೆ ಐಎಸ್ ಲೆಕ್ಕಕ್ಕೆ ಬಂತು. 48 ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆಗಳ ಇಲಾಖೆಗೆ ತಿಳಿಸಬೇಕು ಅನ್ನೋ ನಿಯಮ ಬೇರೆ. ಎರಡನ್ನೂ ಕಲಸಿದರೆ ಒಂದು ದಿನ ಮಲಗಿದವರು ಮಾಯ. ಕೈಗೆ ಬ್ಯಾಂಡೇಜು ಸುತ್ತಿದವರನ್ನು ಮಾರನೇ ದಿನ ವ್ಯಾನಿನಲ್ಲಿ ಕರೆತಂದು ಟೈಮ್ ಆಫೀಸಿನಲ್ಲಿ ಕೂರಿಸಿ ‘ಹಾಜರಿ’ ಹಾಕಿಸೋದೂ ಇದೇ ಜಾತಿ. ಸೊನ್ನೆಗೆ ಬೋನಸ್ ಕಟ್ಟಿದ ಕಡೆಯೆಲ್ಲ ಇದು ಹುಟ್ಟೇ ಹುಟ್ಟುತ್ತೆ.

ದರವೊಂದೇ ನೋಡಿದರೂ ಸಾಲದು. 4,80,000 ಗಂಟೆಗೆ ಒಂದು ಗಾಯವಾದರೆ, ಕಾಲು ಉಳುಕಿ 3 ದಿನ ಮಲಗಿದರೂ 2.08, ಸಾವಾದರೂ 2.08. ತೀವ್ರತೆಯ ದರದಲ್ಲಿ ಗಾಯಗಳ ಬದಲು ಕಳೆದ ದಿನಗಳನ್ನು ಹಾಕ್ತಾರೆ. ಸಾವಿಗೆ 6000 ದಿನ ಕಳೆದ ಹಾಗೆ ಲೆಕ್ಕ. ಆಗ ಉಳುಕಿಗೆ 6.25, ಸಾವಿಗೆ 12,500.

ಸಣ್ಣ ಕಾರ್ಖಾನೆಗೆ ಮತ್ತೊಂದು ತೊಡಕು. ಸರಾಸರಿ ವರ್ಷಕ್ಕೆ 2 ಗಾಯವಾಗೋ ಕಡೆ, ಏನೂ ಸುಧಾರಿಸದೆಯೇ, ಸುಮಾರು ಏಳು ವರ್ಷಕ್ಕೊಮ್ಮೆ ಬರೀ ಅದೃಷ್ಟದಿಂದ ಸೊನ್ನೆ ಬರುತ್ತೆ. ಹಾಗಾಗಿ ತಿಂಗಳ ದರಕ್ಕೆ ಕುಣಿಯೋದೂ ಬೇಡ, ಬೈಯೋದೂ ಬೇಡ. ಪ್ರತಿ ತಿಂಗಳೂ ಹಿಂದಿನ 12 ತಿಂಗಳ ಗಾಯ, ಗಂಟೆ ಎರಡನ್ನೂ ಕೂಡಿ ದರ ತೆಗೀರಿ. ಜೊತೆಗೆ ಅಪಾಯದ ಕೆಲಸಗಳನ್ನೂ ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನೂ ಎಣಿಸಿ: ಪವರ್ ಪ್ರೆಸ್‌ನ ಗಾರ್ಡ್ ಬಿಚ್ಚಿಟ್ಟು ಓಡಿಸಿದ್ದು, ಫೋರ್ಕ್‌ಲಿಫ್ಟ್ ಮೈಮೇಲೆ ಬರೋ ಹಾಗಾಗಿದ್ದು. ಇವು ಹೆಚ್ಚು ಸಿಗೋದರಿಂದ ಬದಲಾವಣೆ ಬೇಗ ಕಾಣುತ್ತೆ.

ಲೆಕ್ಕ ನಿಜವೋ ಅಂತ ನೋಡೋಕೆ ಪ್ರಥಮ ಚಿಕಿತ್ಸೆಯ ರಿಜಿಸ್ಟರು, ಇಎಸ್‌ಐಗೆ ಕಳಿಸಿದ ಅಪಘಾತ ವರದಿ, ಹಾಜರಿ ಪುಸ್ತಕ, ಹತ್ತಿರದ ಕ್ಲಿನಿಕ್ಕಿಗೆ ಕಟ್ಟಿದ ಬಿಲ್ಲು, ಈ ನಾಲ್ಕನ್ನೂ ಒಟ್ಟಿಗೆ ಹರವಿಕೊಳ್ಳಿ. ಬಿಲ್ಲಿನಲ್ಲಿ ಹೊಲಿಗೆ ಹಾಕಿದ್ದಿದ್ದು ರಿಜಿಸ್ಟರಿನಲ್ಲಿ ಆ ದಿನದ ಸಾಲು ಖಾಲಿ ಇದ್ದರೆ, ಬೋರ್ಡಿನ ಅಂಕಿ ಅಳಿಸೋಕೆ ಅಷ್ಟು ಸಾಕು.