ಆರ್ಚಿಬಾಲ್ಡ್ ಪ್ರೈಜ್ ಜಡ್ಜುಗಳೆಲ್ಲಾ ಪೇಂಟರ್ಸ್ ಅಲ್ಲ
ವ್ಯಕ್ತಿಗಳ ಪೋರ್ಟ್ರೇಟ್ ಪೇಂಟಿಂಗ್‌ಗೆ ಕೊಡೋ ಸಿಡ್ನಿಯ ಆರ್ಚಿಬಾಲ್ಡ್ ಪ್ರೈಜ್‌ಗೆ ದೊಡ್ಡ ದೊಡ್ಡ ಪೇಂಟರ್‌ಗಳೇ ಕೂತು ವಿನ್ನರ್‌ನ ಆರಿಸ್ತಾರೆ ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಅದು ಸರಿಯಿಲ್ಲ. ಆರಿಸೋದು ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್‌ನ ಟ್ರಸ್ಟಿಗಳು, ಅವ್ರಲ್ಲಿ ಕಲಾವಿದರೂ ಇರ್ತಾರೆ ನಿಜ, ಆದ್ರೆ ಮಿಕ್ಕವ್ರು ಬಿಸಿನೆಸ್ಸು ಅದೂ ಇದೂ ಅಂತ ಬೇರೆ ಫೀಲ್ಡಿನವ್ರು. ಕಲಾವಿದರನ್ನ ಜಡ್ಜ್ ಆಗಿ ಕರೆಯೋದು ಜೊತೆಗೇ ನಡೆಯೋ ಸುಲ್ಮನ್ ಪ್ರೈಜ್‌ಗೆ, ಬಹುಶಃ ಅಲ್ಲೇ ಕಲಸುಮೇಲೋಗರ ಆಗಿರೋದು. ನಂಗಿಷ್ಟ ಮಾತ್ರ ಪ್ಯಾಕಿಂಗ್ ರೂಮ್ ಪ್ರೈಜು, ಆರ್ಚಿಬಾಲ್ಡ್‌ಗೆ ಬಂದ ಚಿತ್ರಗಳ ಪ್ಯಾಕಿಂಗ್ ಬಿಚ್ಚಿ ಗೋಡೆಗೆ ನೇತುಹಾಕೋ ಸ್ಟಾಫೇ ಅದನ್ನ ಆರಿಸೋದು! ಹಾಂ, 1943ರ ಆರ್ಚಿಬಾಲ್ಡ್ ಪ್ರೈಜು ವಿಲಿಯಂ ಡೋಬೆಲ್‌ಗೆ ಬಂದಾಗ ಇದು ಪೋರ್ಟ್ರೇಟೇ ಅಲ್ಲ, ಕ್ಯಾರಿಕೇಚರ್ ಅಂತ ಕೋರ್ಟಿಗೆ ಹೋಗಿದ್ದು ಮಾತ್ರ ಇಬ್ರು ಪೇಂಟರ್ಸೇ, ಸೋತ್ರು ಅನ್ನಿ.