ಖುಷ್ಕಿಯ ಐದು ಎಕರೆ, ಕಾಫಿಯ ಐದು ಎಕರೆ

ಕಳೆದ ತಿಂಗಳು ಕಡೂರು ತಾಲ್ಲೂಕಿನ ನಮ್ಮೂರಿನ ಹುಡುಗನೊಬ್ಬನಿಗೆ ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರ ಮಾಡಿಸಲು ಜೊತೆಗೆ ಹೋಗಿದ್ದೆ. ಅವನ ತಂದೆಯ ಹೆಸರಿನ ಪಹಣಿಯಲ್ಲಿ 5 ಎಕರೆ 10 ಗುಂಟೆ ಖುಷ್ಕಿ ಜಮೀನಿದೆ. ಮಳೆಯಾದರೆ ರಾಗಿ, ಆಗದಿದ್ದರೆ ಅದೂ ಇಲ್ಲ. ಅರ್ಜಿ ನೋಡಿದವರು ವಿಸ್ತೀರ್ಣದ ಮೇಲೆ ಬೆರಳಿಟ್ಟು ಕಾಗದಗಳನ್ನು ಹಿಂದಿರುಗಿಸಿದರು. ತಪ್ಪು ಅವರದಲ್ಲ. 2019ರಲ್ಲಿ ಈ ವರ್ಗಕ್ಕೆ ಮೀಸಲಾತಿ ತಂದ ಸಂವಿಧಾನದ 103ನೇ ತಿದ್ದುಪಡಿಯ ಬೆನ್ನಿಗೇ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿರಬೇಕು. ಆದರೆ ಕೃಷಿಭೂಮಿ 5 ಎಕರೆ ಮುಟ್ಟಿದರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಆ ಕುಟುಂಬ ಹೊರಗೆ.

ಇದೇ ಜಿಲ್ಲೆಯ ಮೂಡಿಗೆರೆ ಕಡೆ ನಾಲ್ಕೂವರೆ ಎಕರೆ ರೊಬಸ್ಟಾ ಕಾಫಿ ತೋಟವಿದ್ದು, ನೆರಳಿನ ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿಸಿಕೊಂಡ ಕುಟುಂಬವನ್ನು ಈ ಎಕರೆಯ ಗೆರೆ ತಡೆಯುವುದಿಲ್ಲ. ಕೃಷಿ ಆದಾಯವೂ 8 ಲಕ್ಷದ ಲೆಕ್ಕಕ್ಕೆ ಸೇರುತ್ತದೆ, ನಿಜ. ಆದರೆ ಸಣ್ಣ ಹಿಡುವಳಿಯ ಆದಾಯಕ್ಕೆ ಲೆಕ್ಕಪುಸ್ತಕ ಇಟ್ಟವರೆಷ್ಟು ಜನ? (ಬೆಳೆಗಾರರ ಮೇಲೆ ನನಗೇನೂ ಮುನಿಸಿಲ್ಲ. ಹಣ್ಣು ಕೊಯ್ಯುವಾಗ ಮಳೆ ಹಿಡಿದ ವರ್ಷ ಅವರ ಪಾಡನ್ನೂ ಕಂಡಿದ್ದೇನೆ.)

ನನಗೆ ಸೋಜಿಗವೆನಿಸುವುದು ಬೇರೆಯೇ. ಎಲ್ಲ ಎಕರೆಯೂ ಒಂದೇ ಅಲ್ಲವೆಂಬುದು ಸರ್ಕಾರಕ್ಕೆ ಹೊಸ ವಿಷಯವೇನಲ್ಲ. ಖುಷ್ಕಿ (ಮಳೆಯಾಶ್ರಿತ), ತರಿ (ನೀರಾವರಿ), ಬಾಗಾಯ್ತು (ತೋಟ) ಎಂದು ಕಂದಾಯ ದಾಖಲೆಗಳೇ ಬೇರ್ಪಡಿಸುತ್ತವೆ. 1974ರಲ್ಲಿ ತಿದ್ದುಪಡಿಯಾದ ನಮ್ಮ ಭೂ ಸುಧಾರಣಾ ಕಾಯ್ದೆ ಐದು ಜನರ ಕುಟುಂಬಕ್ಕೆ 10 ಯೂನಿಟ್ ಮಿತಿ ಹಾಕಿದಾಗ, ಎ ವರ್ಗದ ನೀರಾವರಿಯಾದರೆ 10 ಎಕರೆ, ಡಿ ವರ್ಗದ ಖುಷ್ಕಿಯಾದರೆ 54 ಎಕರೆ ಎಂದು ಲೆಕ್ಕ ಹಾಕಿತು. ಕಾಫಿ ತೋಟಗಳನ್ನಂತೂ ಮಿತಿಯಿಂದಲೇ ಹೊರಗಿಟ್ಟಿತು. ಹೆಚ್ಚು ಭೂಮಿಯುಳ್ಳವರನ್ನು ಗುರುತಿಸುವಾಗ ಇಷ್ಟು ಸೂಕ್ಷ್ಮವಾಗಿದ್ದ ತಕ್ಕಡಿ, ಬಡವರನ್ನು ಗುರುತಿಸುವಾಗ ಮಾತ್ರ ಏಕೆ ಮೊಂಡಾಯಿತು? ಬಿಪಿಎಲ್ ಚೀಟಿಯ ಮಾನದಂಡದಲ್ಲಾದರೂ 3 ಹೆಕ್ಟೇರ್ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಭೂಮಿ ಎಂಬ ಮಾತಿದೆ.

2021ರಲ್ಲಿ ಸುಪ್ರೀಂ ಕೋರ್ಟ್ 8 ಲಕ್ಷದ ಆಧಾರವೇನೆಂದು ಕೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿಯು ಅದೇ ನಿಯಮದಲ್ಲಿದ್ದ ಮನೆ, ನಿವೇಶನಗಳ ಅಳತೆಯನ್ನು ಕೈಬಿಡಬಹುದೆಂದಿತು, 5 ಎಕರೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು. ಬೇಲೂರಿನ ಮನೆಗೂ ಬೆಂಗಳೂರಿನ ಮನೆಗೂ ಇರುವ ಅಂತರ ಕಾಣುವವರಿಗೆ ಅರಸೀಕೆರೆಯ ಹೊಲಕ್ಕೂ ಸಕಲೇಶಪುರದ ತೋಟಕ್ಕೂ ಇರುವ ಅಂತರ ಕಾಣದೇ?

ಸರ್ಕಾರಿ ಕಾಮಗಾರಿ ಗುತ್ತಿಗೆಯ ಮೀಸಲಾತಿಯ ತೊಡಕು ಇದರ ಮಗ್ಗುಲಿನದೇ, ಅಲ್ಲೂ ಕಾಗದದ ಅಂಕಿಗೆ ಮನುಷ್ಯನ ಕೈಯ ಸ್ಥಿತಿ ಕಾಣುವುದಿಲ್ಲ. ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಸಂಬಂಧಿಸಿದ ರಾಜ್ಯದ ಪಾರದರ್ಶಕತೆ ಕಾಯ್ದೆಯಡಿ ನಿಗದಿತ ಮೊತ್ತದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲಿದೆ. ಅದು ನ್ಯಾಯವೇ, ಆದರೆ ಠೇವಣಿ ಕಟ್ಟಲು, ಬಿಲ್ ಪಾಸಾಗುವವರೆಗೆ ಕೂಲಿ ಕೊಡಲು ಕೈಯಲ್ಲಿ ಹಣವಿಲ್ಲದವನಿಗೆ ಕಾಮಗಾರಿಯ ಆದೇಶ ಸಿಕ್ಕರೂ ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದೊಂದೇ ದಾರಿ.

ಹುಡುಗನ ತಂದೆ ಈಗ 11 ಗುಂಟೆಯನ್ನು ತಮ್ಮನ ಹೆಸರಿಗೆ ಬರೆದರೆ ಆದೀತೇ ಎಂದು ವಿಚಾರಿಸುತ್ತಿದ್ದಾರೆ. ಬರೆದರೆ ಅವರಿಗೆ ಉಳಿಯುವುದು 4 ಎಕರೆ 39 ಗುಂಟೆ. ನೋಂದಣಿಯ ಖರ್ಚಿಗೆ ಸಾಲ ಕೇಳಲು ನಿನ್ನೆ ಮನೆಗೆ ಬಂದಿದ್ದರು.